ದುಡ್ಡು ಪಹಣಿಗೆ, ದುಡಿತ ಹೊಲಕ್ಕೆ

ಚಳ್ಳಕೆರೆ: ಕಿಸಾನ್ ಸಮ್ಮಾನ್ ಕಂತು ಬಿಡುಗಡೆ ಆಯ್ತು ಅಂತ ಟಿ.ವಿ.ಯಲ್ಲಿ ಬಂದ ಮಾರನೇ ದಿನ ತಾಲ್ಲೂಕಿನ ಯಾವ ಬ್ಯಾಂಕಿನ ಮುಂದೆ ನಿಂತರೂ ಕೇಳುವುದು ಒಂದೇ ಮಾತು. "ನಿಂದು ಬಂತೇನಣ್ಣ?" "ನಂದು ಬಂದಿಲ್ಲ ಕಣಪ್ಪ." ಹಳ್ಳಿ ಬಸ್ಸಿನಲ್ಲಿ ಇದೇ ಮಾತು, ಹೋಟ್ಲಲ್ಲಿ ಇದೇ ಮಾತು. ಬಂದವರು ಎರಡು ಸಾವಿರ ಎಣಿಸಿಕೊಂಡು ಅಂಗಡಿ ಸಾಲು ಹಿಡಿಯುತ್ತಾರೆ. ಬಾರದವರು ಆಧಾರ್ ಕಾರ್ಡು, ಪಾಸ್ ಪುಸ್ತಕ, ಪಹಣಿ ಮೂರನ್ನೂ ಪ್ಲಾಸ್ಟಿಕ್ ಕವರಿಗೆ ಸುತ್ತಿಕೊಂಡು ತಾಲ್ಲೂಕು ಆಫೀಸಿನ ದಾರಿ ಹಿಡಿಯುತ್ತಾರೆ.

ಆದರೆ ಈ ಎರಡೂ ಗುಂಪಿಗೆ ಸೇರದ ಮೂರನೇ ಗುಂಪೊಂದಿದೆ. ಇವರು ಬ್ಯಾಂಕಿಗೂ ಬರುವುದಿಲ್ಲ, ಕಚೇರಿಗೂ ಹೋಗುವುದಿಲ್ಲ. ಬಂತೇ ಅಂತ ಯಾರೂ ಇವರನ್ನು ಕೇಳುವುದೂ ಇಲ್ಲ. ಇವರು ಉಳುವುದು ಬೇರೆಯವರ ಹೊಲ. ಗುತ್ತಿಗೆಗೆ ಮಾಡುವವರು, ವಾರಕ್ಕೆ ಮಾಡುವವರು, ಕೋರಿಗೆ ಮಾಡುವವರು. ಬೀಜ ಇವರದು, ಗೊಬ್ಬರ ಇವರದು, ಬೆವರು ಇವರದು. ಮಳೆ ಕೈಕೊಟ್ಟರೆ ನಷ್ಟವೂ ಇವರದೇ. ಸರ್ಕಾರದ ದುಡ್ಡು ಮಾತ್ರ ಇವರದಲ್ಲ.

ಚಳ್ಳಕೆರೆ ಅಂದರೆ ಶೇಂಗಾ, ಶೇಂಗಾ ಅಂದರೆ ಎಣ್ಣೆ ಮಿಲ್ಲು. ಮುಂಬಯಿ ಬಿಟ್ಟರೆ ಇದೇ ಎಣ್ಣೆ ಪೇಟೆ ಅಂತ ಹೆಸರು ಮಾಡಿದ ಊರು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಇದೂ ಒಂದು. ಮುಂಗಾರಿನಲ್ಲಿ ಒಂದು ಹದ ಮಳೆ ತಪ್ಪಿದರೆ ಬಳ್ಳಿ ಹಸಿರಾಗಿರುತ್ತೆ, ಕಿತ್ತು ನೋಡಿದರೆ ಬುಡದಲ್ಲಿ ಕಾಯಿ ಇರುವುದಿಲ್ಲ. ರೈತನ ಕೈಗೆ ದುಡ್ಡಿಲ್ಲ ಅಂದರೆ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಗೊಬ್ಬರದ ಅಂಗಡಿ ಎಲ್ಲವೂ ನೊಣ ಹೊಡೆಯಬೇಕು. ಹಾಗಾಗಿ ಸರ್ಕಾರ ರೈತನಿಗೆ ಕೊಡುವ ದುಡ್ಡು ಯಾರ ಕೈಗೆ ಸೇರುತ್ತೆ ಅನ್ನುವುದು ಹಳ್ಳಿಯವರ ತಲೆನೋವು ಮಾತ್ರ ಅಲ್ಲ, ಪೇಟೆಯವರದೂ ಹೌದು.

ಮೊದಲು ಲೆಕ್ಕ ನೋಡೋಣ. ಪ್ರಧಾನ ಮಂತ್ರಿ ಕಿಸಾನ್ ಸಮ್ಮಾನ್ ನಿಧಿ ಶುರುವಾದದ್ದು 2019ರ ಫೆಬ್ರವರಿಯಲ್ಲಿ. ವರ್ಷಕ್ಕೆ 6,000 ರೂಪಾಯಿ, ಎರಡೆರಡು ಸಾವಿರದ ಮೂರು ಕಂತು. ಮೊದಲು ಎರಡು ಹೆಕ್ಟೇರ್ ಒಳಗಿನವರಿಗೆ ಮಾತ್ರ ಅಂದರು. ಅದೇ ವರ್ಷ ಲೋಕಸಭಾ ಚುನಾವಣೆ ಮುಗಿದ ಮೇಲೆ ಮಿತಿ ತೆಗೆದರು. ದಿನಕ್ಕೆ ಭಾಗಿಸಿದರೆ ಹದಿನಾರು ರೂಪಾಯಿ ಚಿಲ್ಲರೆ. ಬಸ್ ಸ್ಟ್ಯಾಂಡ್ ಹೋಟ್ಲಲ್ಲಿ ಒಂದು ಟೀಗೆ ಆಗುತ್ತೆ, ಜೊತೆಗೆ ಬನ್ನು ಕೇಳಿದರೆ ಕೈಯಿಂದ ಹಾಕಬೇಕು. 2019ರಲ್ಲಿ ರಾಜ್ಯ ಸರ್ಕಾರ ಇದರ ಮೇಲೆ 4,000 ಸೇರಿಸಿತ್ತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅದು ನಿಂತಿತು. ಉಳಿದದ್ದು ದಿಲ್ಲಿಯ ಆರು ಸಾವಿರ.

ಈ ಆರು ಸಾವಿರಕ್ಕೆ ಎಕರೆ ಲೆಕ್ಕ ಇಲ್ಲ. ಅರ್ಧ ಎಕರೆಯವನಿಗೂ ಆರು, ಮೂವತ್ತು ಎಕರೆಯವನಿಗೂ ಆರು. ಲೆಕ್ಕ ಕುಟುಂಬಕ್ಕೆ, ಅಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು. ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲ. ಸರ್ಕಾರಿ ನೌಕರರಿಗೆ ಇಲ್ಲ, ಅವರಲ್ಲಿ ಗ್ರೂಪ್ ಡಿ ನೌಕರರಿಗೆ ಮಾತ್ರ ವಿನಾಯಿತಿ. ತಿಂಗಳಿಗೆ ಹತ್ತು ಸಾವಿರ ಅಥವಾ ಮೇಲೆ ಪಿಂಚಣಿ ಬರುವವರಿಗೆ ಇಲ್ಲ. ಡಾಕ್ಟರ್, ವಕೀಲ, ಇಂಜಿನಿಯರ್ ಅಂತ ನೋಂದಣಿ ಮಾಡಿಸಿಕೊಂಡು ವೃತ್ತಿ ಮಾಡುವವರಿಗೂ ಇಲ್ಲ. ಇದೆಲ್ಲ ಸರಿಯೇ. ಆದರೆ ಇಷ್ಟುದ್ದದ ಪಟ್ಟಿಯಲ್ಲಿ ಎಲ್ಲಿಯೂ ಒಂದು ಪ್ರಶ್ನೆ ಇಲ್ಲ: ಹೊಲ ಉಳುವವನು ಯಾರು?

ಒಂಬತ್ತನೇ ಕಲಂ, ಹನ್ನೆರಡನೇ ಕಲಂ

ಪಹಣಿ ಕೈಯಲ್ಲಿ ಹಿಡಿದವರಿಗೆ ಗೊತ್ತು. ಒಂಬತ್ತನೇ ಕಲಂನಲ್ಲಿ ಜಮೀನು ಯಾರದೋ ಅವರ ಹೆಸರು. ಹನ್ನೆರಡನೇ ಕಲಂನಲ್ಲಿ ಸಾಗುವಳಿ ಮಾಡುವವನ ಹೆಸರು, ಬೆಳೆದ ಬೆಳೆ. ದುಡ್ಡು ಹೋಗುವುದು ಒಂಬತ್ತನೇ ಕಲಂನ ಹೆಸರಿಗೆ. ಹಾಗಾದರೆ ಹನ್ನೆರಡನೆಯದು ಯಾಕಿದೆ ಅಂದರೆ, ಉಳುವವನನ್ನು ಗುರುತಿಸಲಿಕ್ಕೆ ಅಂತಲೇ ಇದೆ. ಆದರೆ ಅಲ್ಲೂ ಸಾಮಾನ್ಯವಾಗಿ ಮಾಲೀಕನ ಹೆಸರೇ ಬಿದ್ದಿರುತ್ತೆ. ಮಾಲೀಕ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದರೂ ಕಾಗದದ ಮೇಲೆ ಅವನೇ ನೇಗಿಲು ಹೂಡುತ್ತಾನೆ!

ಇದು ಬರೀ ಗ್ರಾಮ ಲೆಕ್ಕಿಗನ ಸೋಮಾರಿತನ ಅಂತ ಬೈದು ಬಿಟ್ಟರೆ ಆಗಲಿಲ್ಲ. ಇದರ ಹಿಂದೆ ಐವತ್ತು ವರ್ಷದ ಕಥೆ ಇದೆ. ದೇವರಾಜ ಅರಸು ಅವರ ಕಾಲದಲ್ಲಿ ಭೂಸುಧಾರಣೆ ಕಾನೂನಿಗೆ ತಿದ್ದುಪಡಿ ಆಗಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಅಂದರು. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತರು. ಎಷ್ಟೋ ಸಾವಿರ ಮನೆಗಳಿಗೆ ಮೊದಲ ಸಲ ಸ್ವಂತ ಭೂಮಿ ಬಂತು. ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಅದೇ ಕಾನೂನು ಇನ್ನು ಮುಂದೆ ಯಾರೂ ಜಮೀನು ಗೇಣಿಗೆ ಕೊಡುವ ಹಾಗಿಲ್ಲ ಅಂತಲೂ ಬರೆಯಿತು. ಸೈನಿಕರಿಗೆ, ನಾವಿಕರಿಗೆ ಮಾತ್ರ ರಿಯಾಯಿತಿ.

ಕಾನೂನು ಬೇಡ ಅಂದ ಮಾತ್ರಕ್ಕೆ ಗೇಣಿ ನಿಂತುಬಿಡುತ್ತದೆಯೇ? ಮಗ ಪಟ್ಟಣಕ್ಕೆ ಹೋದ, ಅಪ್ಪನಿಗೆ ಮೈಯಲ್ಲಿ ಆಗಲ್ಲ, ಹೊಲ ಬೀಳು ಬಿಡುವುದಕ್ಕೆ ಮನಸ್ಸಿಲ್ಲ. ಪಕ್ಕದ ಮನೆಯವನಿಗೆ ಎರಡು ಎತ್ತು ಇದೆ, ಹೊಲ ಸಾಲದು. ಮಾತು ಆಗುತ್ತೆ, ಕಾಗದ ಆಗುವುದಿಲ್ಲ. ಕಾಗದ ಮಾಡಿದರೆ ಮಾಲೀಕನಿಗೆ ಹೆದರಿಕೆ. ಅಂದು ಫಾರಂ 7ರಲ್ಲಿ ಜಮೀನು ಹೋದ ಮನೆಗಳ ಕಥೆ ಅಜ್ಜಂದಿರ ಬಾಯಲ್ಲಿ ಇನ್ನೂ ಇದೆ. ಗುತ್ತಿಗೆದಾರನಿಗೂ ಹೆದರಿಕೆ. ಕಾಗದ ಕೇಳಿದರೆ ಮುಂದಿನ ವರ್ಷ ಹೊಲ ಬೇರೆಯವನ ಪಾಲು. ಉಳುವವನನ್ನು ಕಾಪಾಡಲು ಬಂದ ಕಾನೂನೇ ಇಂದು ಉಳುವವನ ಹೆಸರು ಕಾಗದಕ್ಕೆ ಬರದ ಹಾಗೆ ಮಾಡಿದೆ. 2016ರಲ್ಲಿ ನೀತಿ ಆಯೋಗದವರು ಗುತ್ತಿಗೆಗೆ ಒಂದು ಮಾದರಿ ಕಾನೂನು ಬರೆದು ರಾಜ್ಯಗಳಿಗೆ ಕೊಟ್ಟರು. ಮಾಲೀಕನ ಹಕ್ಕಿಗೆ ಚ್ಯುತಿ ಇಲ್ಲದೆ ಗುತ್ತಿಗೆದಾರನಿಗೆ ಸಾಲ, ವಿಮೆ, ಪರಿಹಾರ ಸಿಗಲಿ ಅನ್ನುವುದು ಅದರ ಆಶಯ. ಜಮೀನು ಕೊಳ್ಳುವವರ ವಿಷಯಕ್ಕೆ ಬಂದರೆ ನಮ್ಮ ವಿಧಾನಸೌಧ ಚುರುಕು. 2020ರಲ್ಲಿ ಭೂಸುಧಾರಣೆ ಕಾನೂನಿನ 79ಎ, 79ಬಿ ತೆಗೆದು ರೈತರಲ್ಲದವರೂ ಹೊಲ ಕೊಳ್ಳಬಹುದು ಅಂತ ಮಾಡಿದರು. ಉಳುವ ಗುತ್ತಿಗೆದಾರನ ವಿಷಯಕ್ಕೆ ಆ ಚುರುಕು ಬರಲಿಲ್ಲ.

ಉದ್ರಿ ಪುಸ್ತಕದಲ್ಲಿರುವ ಹೆಸರು

ಬರದ ವರ್ಷ ಬಂದಾಗ ಈ ಲೆಕ್ಕ ಬಯಲಿಗೆ ಬೀಳುತ್ತೆ. 2023ರಲ್ಲಿ ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ಚಳ್ಳಕೆರೆಯೂ ಅದರಲ್ಲಿತ್ತು. ರಾಜ್ಯದವರು 18,171 ಕೋಟಿ ಕೇಳಿದರು, ದಿಲ್ಲಿಯವರು ತಿಂಗಳುಗಟ್ಟಲೆ ಮಾತಾಡಲಿಲ್ಲ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಮೊದಲ ಕಂತು ಅಂತ ಎರಡು ಸಾವಿರದವರೆಗೆ ಹಾಕಿತು. ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಯಲ್ಲಿ 3,454 ಕೋಟಿ ಬಂತು. ಮುಂಗಾರು ಹಾಳಾದದ್ದು ಹಿಂದಿನ ವರ್ಷದ ಆಗಸ್ಟ್‌ನಲ್ಲಿ, ದುಡ್ಡು ಕಂಡದ್ದು ಮುಂದಿನ ಮುಂಗಾರಿನ ಬಾಗಿಲಲ್ಲಿ.

ಇದನ್ನು ಜನ ಪರಿಹಾರ ಅಂತಾರೆ. ಸರ್ಕಾರದ ಕಡತದಲ್ಲಿ ಅದರ ಹೆಸರು ಇನ್‌ಪುಟ್ ಸಬ್ಸಿಡಿ. ಅಂದರೆ ನಿನ್ನ ಬೆಳೆ ಹೋದದ್ದಕ್ಕೆ ಬೆಲೆ ಕಟ್ಟಿಕೊಡುತ್ತಿಲ್ಲ, ಬಿತ್ತಿದ ಬೀಜ ಗೊಬ್ಬರಕ್ಕೆ ಒಂದಿಷ್ಟು ಕೈಹಿಡಿಯುತ್ತೇವೆ ಅಂತ ಅರ್ಥ. ಮಳೆ ಆಶ್ರಿತ ಜಮೀನಿಗೆ ಹೆಕ್ಟೇರಿಗೆ 8,500, ನೀರಾವರಿಗೆ 17,000, ತೋಟಕ್ಕೆ 22,500. ಅದೂ ಎರಡು ಹೆಕ್ಟೇರಿಗೆ ಮಾತ್ರ, ಬೆಳೆ ಮೂರನೇ ಒಂದು ಪಾಲಾದರೂ ಹಾಳಾಗಿರಬೇಕು.

ಒಂದು ಉದಾಹರಣೆ ಹಿಡಿಯಿರಿ. ತಳಕು ಕಡೆಯದೊಂದು ಹಳ್ಳಿ, ನಾಲ್ಕು ಎಕರೆ ಒಣ ಹೊಲ, ಮಾಲೀಕ ಬೆಂಗಳೂರಲ್ಲಿ. ಊರಿನವನೊಬ್ಬ ಗುತ್ತಿಗೆ ದುಡ್ಡು ಮುಂಗಡ ಕೊಟ್ಟು ಶೇಂಗಾ ಹಾಕಿದ. ಬೀಜ, ಗೊಬ್ಬರ ಉದ್ರಿ ತಂದ. ಮಳೆ ಹೋಯ್ತು. ನಾಲ್ಕು ಎಕರೆಗೆ ಸಬ್ಸಿಡಿ ಹತ್ತಿರ ಹತ್ತಿರ 13,700 ರೂಪಾಯಿ. ಅದು ಬೆಂಗಳೂರಿನ ಖಾತೆಗೆ ಜಮಾ. ಬಿತ್ತದವನಿಗೆ ಬಿತ್ತನೆ ಖರ್ಚು ಬಂತು. ಬಿತ್ತಿದವನಿಗೆ ಅಂಗಡಿ ಸಾಲ ಉಳಿಯಿತು. ಕೆಲವು ಮಾಲೀಕರು ದೊಡ್ಡ ಮನಸ್ಸು ಮಾಡಿ ಅರ್ಧವೋ ಪೂರ್ತಿಯೋ ಕೊಡುವುದುಂಟು. ಮುಂದಿನ ವರ್ಷದ ಗುತ್ತಿಗೆಯಲ್ಲಿ ಮುರಿದುಕೊಳ್ಳುವುದೂ ಉಂಟು. ಕೊಡದಿದ್ದರೆ ಕೇಳುವ ಹಾಗಿಲ್ಲ. ಕೇಳಲು ಕೈಯಲ್ಲಿ ಚೀಟಿ ಎಲ್ಲಿದೆ?

ಪೇಟೆಯ ಅಂಗಡಿಯವರು ಇಲ್ಲಿ ಗಮನಿಸಬೇಕು. ಬ್ಯಾಂಕಿನ ಬೆಳೆ ಸಾಲವೂ ಪಹಣಿ ನೋಡಿಯೇ ಕೊಡುವುದು. ಸೊಸೈಟಿಯ ಬಡ್ಡಿ ಇಲ್ಲದ ಸಾಲವೂ ಹಾಗೆಯೇ. ಹಾಗಾದರೆ ಪಹಣಿ ಇಲ್ಲದ ರೈತನ ಬ್ಯಾಂಕು ಯಾವುದು? ಗೊಬ್ಬರದ ಅಂಗಡಿ, ಕಿರಾಣಿ ಅಂಗಡಿ, ಶೇಂಗಾ ಮಂಡಿ. ಸರ್ಕಾರದ ದುಡ್ಡು ಒಂಬತ್ತನೇ ಕಲಂನ ಹೆಸರಿಗೆ ಹೋಗುತ್ತೆ, ಉದ್ರಿ ಪುಸ್ತಕದಲ್ಲಿ ಬರೆದಿರುವುದು ಉಳುವವನ ಹೆಸರು. ಎರಡೂ ಒಂದೇ ಹೆಸರಾದರೆ ಪುಣ್ಯ. ಬೇರೆ ಬೇರೆ ಆದ ಕಡೆ ಬರದ ವರ್ಷದ ನಷ್ಟ ಸೀದಾ ಬಂದು ಕೂರುವುದು ಅಂಗಡಿಯವನ ಗಲ್ಲಾಪೆಟ್ಟಿಗೆ ಮೇಲೆ. ಮಂಡಿಯವನು ಬಡ್ಡಿ ಜಾಸ್ತಿ ಹಾಕ್ತಾನೆ ಅಂತ ಬೈಯುವವರು ಈ ಲೆಕ್ಕವನ್ನೂ ಒಂದಿಷ್ಟು ನೋಡಬೇಕು. ಹಾಗಂತ ಮಂಡಿಯವರೆಲ್ಲ ಧರ್ಮರಾಯರು ಅಂತಲೂ ಅಲ್ಲ, ಬಿಡಿ.

ಬೆಳೆ ವಿಮೆಯಲ್ಲಿ ಗುತ್ತಿಗೆದಾರನಿಗೆ ಜಾಗ ಇದೆ. 2016ರ ಮುಂಗಾರಿನಿಂದ ಬಂದ ಫಸಲ್ ಬಿಮಾ ನಿಯಮದಲ್ಲಿ ಪಾಲುದಾರ, ಗುತ್ತಿಗೆದಾರ ಎಲ್ಲರೂ ಸೇರಬಹುದು. ಮುಂಗಾರು ಶೇಂಗಾಕ್ಕೆ ರೈತ ಕಟ್ಟಬೇಕಾದ್ದು ವಿಮೆ ಮೊತ್ತದ ನೂರಕ್ಕೆ ಎರಡು. ಆದರೆ ಗುತ್ತಿಗೆ ಅಂತ ತೋರಿಸಲು ಕಾಗದ ಬೇಕು. ಕಾಗದ ಮಾಡಲು ಕಾನೂನು ಬಿಡಲ್ಲ. ಬಾಗಿಲು ತೆರೆದಿದೆ, ಹೊಸ್ತಿಲಲ್ಲಿ ಗೋಡೆ ಕಟ್ಟಿದೆ.

ಅದರ ಮೇಲೆ ಬೆಳೆ ಸಮೀಕ್ಷೆಯ ಕಾಟ ಬೇರೆ. ಮೊಬೈಲಿನಲ್ಲಿ ಹೊಲದ ಫೋಟೋ ತೆಗೆದು ಯಾವ ಬೆಳೆ ಅಂತ ಹಾಕುತ್ತಾರೆ. ವಿಮೆ ಕಟ್ಟಿದ್ದು ಶೇಂಗಾಕ್ಕೆ, ಸಮೀಕ್ಷೆಯಲ್ಲಿ ತೊಗರಿ ಅಂತ ಬಿದ್ದರೆ ವಿಮೆ ಅರ್ಜಿ ತಿರಸ್ಕಾರ. ಇಲ್ಲಿ ಶೇಂಗಾ ಸಾಲಿನ ಮಧ್ಯೆ ಅಕ್ಕಡಿಯಾಗಿ ತೊಗರಿ ಹಾಕುವುದು ತಾತನ ಕಾಲದ ಪದ್ಧತಿ. ಫೋಟೋಗೆ ಎತ್ತರದ ತೊಗರಿ ಬೀಳುತ್ತೆ, ನೆಲದ ಮೇಲಿನ ಶೇಂಗಾ ಬೀಳಲ್ಲ. ಸಮೀಕ್ಷೆ ಪಟ್ಟಿ ಹೊರಬಂದ ಕೂಡಲೇ ನೋಡಿಕೊಂಡು ತಕರಾರು ಹಾಕದವನು ಆಮೇಲೆ ಎಷ್ಟು ಕೂಗಿದರೂ ಉಪಯೋಗವಿಲ್ಲ.

ಸತ್ತವರ ಹೆಸರಿನ ಹೊಲ

ಗುತ್ತಿಗೆದಾರನ ಮಾತು ಹಾಗಿರಲಿ, ಸ್ವಂತ ಹೊಲ ಉಳುವವನಿಗೂ ಎಲ್ಲ ಕಡೆ ದುಡ್ಡು ಬರುತ್ತಿಲ್ಲ. ಕಾರಣ, ಪಹಣಿಯಲ್ಲಿ ಇನ್ನೂ ಅಜ್ಜ ಬದುಕಿದ್ದಾನೆ. ಅಜ್ಜ ಹೋಗಿ ಇಪ್ಪತ್ತು ವರ್ಷ ಆಯ್ತು, ಅಪ್ಪನೂ ಹೋದ, ಮೊಮ್ಮಕ್ಕಳು ಬಾಯಿ ಮಾತಿನಲ್ಲಿ ಹಂಚಿಕೊಂಡು ಉಳುತ್ತಿದ್ದಾರೆ. ಪೌತಿ ಖಾತೆ ಮಾಡಿಸಿಲ್ಲ. ಯಾಕೆ ಮಾಡಿಸಿಲ್ಲ? ಮರಣ ಪ್ರಮಾಣಪತ್ರ ಬೇಕು. ಸತ್ತಾಗ ಬರೆಸಿಲ್ಲ, ವರ್ಷ ದಾಟಿದರೆ ಮೇಲಿನವರ ಆದೇಶ ಬೇಕು. ವಂಶವೃಕ್ಷ ಬೇಕು. ವಾರಸುದಾರರ ಒಪ್ಪಿಗೆ ಬೇಕು. ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ವಂಶವೃಕ್ಷದಲ್ಲಿ ಬರಲೇಬೇಕು, ಅದು ನ್ಯಾಯವೇ. ಹೆಸರು ಬಂದರೆ ಎಲ್ಲಿ ಪಾಲು ಕೇಳುತ್ತಾರೋ ಅಂತ ತಮ್ಮಂದಿರಿಗೆ ಭಯ. ಹಾಗಾಗಿ ಕಡತ ಶುರುವೇ ಆಗುವುದಿಲ್ಲ.

ಇದರಲ್ಲಿ ಎಲ್ಲರಿಗಿಂತ ಜಾಸ್ತಿ ಸೋಲುವುದು ಗಂಡ ಸತ್ತ ಹೆಂಗಸು. ಕಳೆ ತೆಗೆಯುವುದು, ಕಾಯಿ ಬಿಡಿಸುವುದು, ಮೇವು ಹೊರುವುದು ಇವಳ ಕೆಲಸ. ಖಾತೆ ಗಂಡನದು. ಇಲ್ಲದಿದ್ದರೆ ಮಾವನದು. ಬ್ಯಾಂಕಿನವರು ಖಾತೆದಾರ ಎಲ್ಲಿ ಅಂತಾರೆ, ಕೃಷಿ ಇಲಾಖೆಯವರು ಪಹಣಿ ಎಲ್ಲಿ ಅಂತಾರೆ. ಮೈದುನ ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಕಿಸಾನ್ ಸಮ್ಮಾನ್ ನಿಯಮದಲ್ಲಿ ಇನ್ನೊಂದು ತಾರೀಕು ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 2019ರ ಫೆಬ್ರವರಿ 1. ಆ ದಿನಕ್ಕೆ ಯಾರ ಹೆಸರಲ್ಲಿ ಜಮೀನಿತ್ತೋ ಅವರಿಗೆ ಮಾತ್ರ. ಆಮೇಲೆ ಕೊಂಡವರಿಗೆ ಇಲ್ಲ. ಆದರೆ ಖಾತೆದಾರ ಸತ್ತು ವಾರಸಿನಿಂದ ಬಂದದ್ದಾದರೆ ಉಂಟು. ಅಂದರೆ ಪೌತಿ ಖಾತೆ ಮಾಡಿಸಿದ ವಿಧವೆಗೆ ಬಾಗಿಲು ಮುಚ್ಚಿಲ್ಲ, ಅರ್ಜಿ ಹಾಕಬೇಕು ಅಷ್ಟೆ. 2024ರಲ್ಲಿ ಪಹಣಿಗೆ ಆಧಾರ್ ಜೋಡಿಸಲು ಹೊರಟಾಗಲೇ ಎಷ್ಟು ಹೊಲ ಸತ್ತವರ ಹೆಸರಲ್ಲಿವೆ ಅಂತ ಕಂದಾಯ ಇಲಾಖೆಗೆ ಕಣ್ಣಿಗೆ ಹೊಡೆದದ್ದು. ಮರುವರ್ಷ ಇ-ಪೌತಿ ಆಂದೋಲನ ಶುರು ಮಾಡಿದರು. ಮನೆ ಬಾಗಿಲಿಗೇ ಬಂದು ಖಾತೆ ಮಾಡಿಕೊಡುತ್ತೇವೆ ಅಂದರು. ತಕರಾರು ಇಲ್ಲದ ಮನೆಗಳಿಗೆ ಇದು ನಿಜಕ್ಕೂ ಒಳ್ಳೇದು. ತಕರಾರು ಇದ್ದಲ್ಲಿ ಯಾವ ಆಂದೋಲನವೂ ಅಣ್ಣತಮ್ಮಂದಿರನ್ನು ಕೂರಿಸಿ ಮಾತಾಡಿಸಲಾರದು.

ಲೆಕ್ಕ ಬಿಗಿಯಾಗುತ್ತಿರುವುದೂ ನಿಜ. 2025ರ ಆಗಸ್ಟ್ 2ರಂದು ಬಿಟ್ಟ ಇಪ್ಪತ್ತನೇ ಕಂತು ದೇಶದಲ್ಲಿ 9.7 ಕೋಟಿ ರೈತರಿಗೆ ಅಂದರು. ನವೆಂಬರ್ 19ರ ಇಪ್ಪತ್ತೊಂದನೇ ಕಂತಿಗೆ ಅದು 9 ಕೋಟಿಗೆ ಇಳಿಯಿತು. ಗಂಡ ಹೆಂಡತಿ ಇಬ್ಬರೂ ತೆಗೆದುಕೊಳ್ಳುತ್ತಿದ್ದವರು, 2019ರ ನಂತರ ಕೊಂಡವರು ಅಂತ ಅನುಮಾನ ಬಂದವರನ್ನು ತಡೆಹಿಡಿದು, ಪರಿಶೀಲನೆ ಆದ ಮೇಲೆ ನೋಡೋಣ ಅಂದರು. ಕಳ್ಳನನ್ನು ಹಿಡಿಯುವ ಬಲೆಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದ ಪಾಪದವನೂ ಬೀಳುತ್ತಾನೆ. ಆಧಾರಿನಲ್ಲಿ ತಿಪ್ಪೇಸ್ವಾಮಿ, ಪಹಣಿಯಲ್ಲಿ ತಿಪ್ಪಯ್ಯ. ಊರಿಗೆಲ್ಲ ಗೊತ್ತು ಇಬ್ಬರೂ ಒಬ್ಬನೇ ಅಂತ, ಕಂಪ್ಯೂಟರಿಗೆ ಗೊತ್ತಿಲ್ಲ.

ಹೋದ ದುಡ್ಡು ಎಲ್ಲಿಗೆ ಹೋಯ್ತು?

"ಮಂಜೂರಾಗಿದೆ ಅಂತ ತೋರಿಸ್ತಾ ಐತೆ, ಖಾತೆಗೆ ಬಂದಿಲ್ಲ" ಅನ್ನುವವರು ಒಂದು ವಿಷಯ ತಿಳಿಯಬೇಕು. ಈಗ ದುಡ್ಡು ಹೋಗುವುದು ಪಾಸ್ ಪುಸ್ತಕದ ನಂಬರಿಗಲ್ಲ, ಆಧಾರಿಗೆ. ಆಧಾರನ್ನು ಯಾವ ಬ್ಯಾಂಕಿಗೆ ಕೊನೆಯಲ್ಲಿ ಜೋಡಿಸಿದ್ದೀರೋ ಅಲ್ಲಿಗೆ ಹೋಗುತ್ತೆ. ಯಾವಾಗಲೋ ಪೋಸ್ಟ್‌ಮ್ಯಾನ್ ಬಂದು ಹೆಬ್ಬೆಟ್ಟು ಒತ್ತಿಸಿ ಅಂಚೆ ಬ್ಯಾಂಕಿನ ಖಾತೆ ತೆರೆದಿರುತ್ತಾನೆ. ಅದು ಮರೆತೇ ಹೋಗಿರುತ್ತೆ. ರೈತ ದಿನಗಟ್ಟಲೆ ಒಂದು ಬ್ಯಾಂಕಿನ ಕ್ಯೂನಲ್ಲಿ ನಿಲ್ಲುತ್ತಾನೆ, ದುಡ್ಡು ಅಂಚೆ ಕಚೇರಿಯಲ್ಲಿ ತಣ್ಣಗೆ ಕೂತಿರುತ್ತೆ. ಹೆಬ್ಬೆಟ್ಟು ಸವೆದು ಇ-ಕೆವೈಸಿ ಆಗದ ಮುದುಕರಿಗೆ 2023ರಿಂದ ಮುಖ ತೋರಿಸಿ ಮಾಡುವ ವ್ಯವಸ್ಥೆ ಇದೆ. ಮನೆಯಲ್ಲಿ ಮೊಬೈಲ್ ಬಲ್ಲ ಹುಡುಗ ಇದ್ದರೆ ದುಡ್ಡು ಕೊಟ್ಟು ಮಾಡಿಸಬೇಕಾಗಿಲ್ಲ.

ಇನ್ನು ಎಫ್‌ಐಡಿ, ಅಂದರೆ ಫ್ರೂಟ್ಸ್ ತಂತ್ರಾಂಶದ ರೈತ ನೋಂದಣಿ ಸಂಖ್ಯೆ. ಬರದ ದುಡ್ಡು ಹೋದದ್ದು ಇದರ ಮೇಲೆ. ಮೂರು ಸರ್ವೆ ನಂಬರ್ ಇರುವವನು ಒಂದನ್ನೇ ಅದರಲ್ಲಿ ಸೇರಿಸಿದ್ದರೆ ಒಂದಕ್ಕೇ ದುಡ್ಡು. ಎಫ್‌ಐಡಿ ಇದೆ ಅಂತ ಸುಮ್ಮನಿರದೆ, ಎಲ್ಲ ನಂಬರೂ ಸೇರಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಒಮ್ಮೆ ಕೇಳಿ ನೋಡಬೇಕು. ಕಸಬಾ, ತಳಕು, ನಾಯಕನಹಟ್ಟಿ, ಪರಶುರಾಂಪುರ, ನಾಲ್ಕೂ ಹೋಬಳಿಯವರಿಗೆ ಇದೇ ಮಾತು.

ಬಂದ ದುಡ್ಡನ್ನು ಬ್ಯಾಂಕು ಹಳೇ ಸಾಲಕ್ಕೆ ಮುರಿದುಕೊಂಡ ದೂರು 2024ರ ಮೇ ತಿಂಗಳಲ್ಲಿ ಹಲವು ಜಿಲ್ಲೆಗಳಿಂದ ಬಂತು. ಬರದ ದುಡ್ಡು ಸಾಲಕ್ಕೆ ಹಿಡಿಯಬಾರದು ಅಂತ ಸರ್ಕಾರ ಹೇಳಬೇಕಾಯಿತು. ಹಾಗೆ ಹಿಡಿದಿದ್ದರೆ ಬರೆದು ಕೊಟ್ಟು ಸ್ವೀಕೃತಿ ಪಡೆಯಬೇಕು. ಮ್ಯಾನೇಜರ್ ಮುಂದೆ ಬಾಯಲ್ಲಿ ಕೂಗಾಡಿದರೆ ಕಡತಕ್ಕೆ ಏರಲ್ಲ.

ಪರಶುರಾಂಪುರದವರು ಗಡಿ ದಾಟಿ ಆಂಧ್ರದ ಸಂತೆಗೆ ಹೋಗಿ ಬರುವವರು. ಅಲ್ಲಿ 2019ರಲ್ಲಿ ಗುತ್ತಿಗೆದಾರರಿಗೆ ಅಂತಲೇ ಒಂದು ಕಾನೂನು ಬಂತು. ಹನ್ನೊಂದು ತಿಂಗಳ ಒಪ್ಪಂದ, ಒಂದು ಕಾರ್ಡು. ಜಮೀನಿನ ಹಕ್ಕು ಮಾಲೀಕನದೇ, ಬೆಳೆಯ ಹಕ್ಕು ಮಾತ್ರ ಕಾರ್ಡಿನವನದು. ಅಂದಿನ ರೈತು ಭರೋಸಾ ಯೋಜನೆಯಲ್ಲಿ ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ವರ್ಗದ ಗುತ್ತಿಗೆದಾರರಿಗೂ ವರ್ಷಕ್ಕೆ 13,500 ಅಂದರು. ಅದೇನು ಹಾಲುಜೇನಿನ ಹೊಳೆ ಹರಿಯಲಿಲ್ಲ. ಕಾರ್ಡಿಗೆ ಮಾಲೀಕನ ಸಹಿ ಬೇಕಿತ್ತು, ಎಷ್ಟೋ ಮಾಲೀಕರು ಹಾಕಲಿಲ್ಲ. ಒಡಿಶಾದಲ್ಲಿ ಅದೇ ಸುಮಾರಿಗೆ ಬಂದ ಕಾಲಿಯಾ ಯೋಜನೆಯೂ ಪಾಲುಗಾರರನ್ನು ಸೇರಿಸಿಕೊಂಡಿತು. ಕುಂಟುತ್ತಲೋ ತೆವಳುತ್ತಲೋ, ಅಲ್ಲಿನ ಕಾಗದದಲ್ಲಿ ಉಳುವವನಿಗೆ ಒಂದು ಹೆಸರಾದರೂ ಬಂತು.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಮಾತು ಈ ತಾಲ್ಲೂಕಿನಲ್ಲಿ ಲಾರಿ ಬಸ್ಸಿನ ಮೇಲೂ ಬರೆದಿರುತ್ತೆ: ಮಾಡಿದಷ್ಟು ನೀಡು ಭಿಕ್ಷೆ. ತಾಲ್ಲೂಕು ಆಫೀಸಿನ ಕಂಪ್ಯೂಟರಿನಲ್ಲಿ ಮಾತ್ರ ಲೆಕ್ಕ ಬೇರೆ, ಅಲ್ಲಿ ಬರೆಸಿದಷ್ಟು ನೀಡು. ಪಹಣಿಯ ಹನ್ನೆರಡನೇ ಕಲಂ ಪ್ರತಿ ವರ್ಷ ತುಂಬಬೇಕಾದ ಜಾಗ. ಬೆಳೆ ಸಮೀಕ್ಷೆಗೆ ಹೊಲಕ್ಕೆ ಹೋಗುವ ಹುಡುಗ ಬೆಳೆಯ ಫೋಟೋ ತೆಗೆಯುತ್ತಾನೆ, ಬದುವಿನ ಮೇಲೆ ನಿಂತ ಮನುಷ್ಯ ಯಾರು ಅಂತ ಬರೆದುಕೊಳ್ಳುವ ಕೆಲಸ ಅವನಿಗೆ ಯಾರೂ ಕೊಟ್ಟಿಲ್ಲ.